ಲುಕಿಂಗ್ ಫಾರ್ವರ್ಡ್ ಟು... ಮುಂದೇನು?

ನನ್ನ ಮೊದಲ ಕೆಲಸದ ಅರ್ಜಿಯ ಕೊನೆ ಸಾಲು ಹೀಗಿತ್ತು: ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’. ನಿಮ್ಮ ಉತ್ತರವನ್ನು ಎದುರು ನೋಡುತ್ತಿದ್ದೇನೆ ಅಂತ ಹೇಳುವ ಉದ್ದೇಶ. ಆ ಕೆಲಸ ಸಿಗಲಿಲ್ಲ. ಈ ಸಾಲೇ ಕಾರಣ ಅಂತೇನೂ ಅಲ್ಲ ಬಿಡಿ. ಆಮೇಲೆ ಬೇರೊಂದು ಕಡೆ ಸೇರಿದಾಗ ಹಿರಿಯರೊಬ್ಬರು ನನ್ನ ಪತ್ರದ ಕರಡಿನಲ್ಲಿ ಅದೇ ‘ಹಿಯರ್’ ಪಕ್ಕ ಪೆನ್ಸಿಲಿನಿಂದ ‘ಇಂಗ್’ ಸೇರಿಸಿ ವಾಪಸ್ ಕೊಟ್ಟರು. ಯಾಕೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ, ನಾಚಿಕೆ.

ಕಾರಣ ಇಷ್ಟೇ. ಶಾಲೆಯಲ್ಲಿ ನಮ್ಮ ತಲೆಗೆ ಹೋಗಿರುವುದು ‘ಐ ವಾಂಟ್ ಟು ಮೀಟ್ ಯು’ ಅನ್ನುವ ಟು. ಅದರ ಮುಂದೆ ಬರಿ ಕ್ರಿಯಾಪದ ಬರುತ್ತೆ. ಆದರೆ ‘ಐ ವೆಂಟ್ ಟು ಸ್ಕೂಲ್’ ಅನ್ನುವಾಗ ಬರುವ ಟು ಬೇರೆ. ಅದಕ್ಕೆ ಬೇಕಾಗಿರುವುದು ನಾಮಪದ. ‘ಲುಕ್ ಫಾರ್ವರ್ಡ್ ಟು’ ಒಳಗೆ ಕೂತಿರುವುದು ಈ ಎರಡನೆಯದು. ಹಾಗಾಗಿ ಕ್ರಿಯಾಪದ ಹಾಕಲೇಬೇಕು ಅಂದರೆ ಇಂಗ್ ಹಚ್ಚಬೇಕು: ಹಿಯರಿಂಗ್, ಮೀಟಿಂಗ್, ವರ್ಕಿಂಗ್.

ನಿಯಮ ಮರೆತರೂ ಕನ್ನಡ ಕೈ ಹಿಡಿಯುತ್ತೆ. ‘ನೀವು ಬರಲು ಎದುರು ನೋಡುತ್ತಿದ್ದೇನೆ’ ಅಂದರೆ ಕಿವಿಗೆ ಎಲ್ಲೋ ಕುಂಟುತ್ತೆ, ಅಲ್ವಾ? ‘ನೀವು ಬರುವುದನ್ನು ಎದುರು ನೋಡುತ್ತಿದ್ದೇನೆ’ ಅಂದರೆ ಸಲೀಸು. ಆ ‘ಬರುವುದು’ ಮಾಡುವ ಕೆಲಸವನ್ನೇ ಅಲ್ಲಿ ಇಂಗ್ ಮಾಡುತ್ತೆ. ಇದು ಹೊಳೆದ ದಿನ ಆ ಪೆನ್ಸಿಲ್ ಗುರುತು ನೆನಪಾಗಿ ನಗು ಬಂತು.

ಅನುಮಾನ ಬಂದರೆ ಕ್ರಿಯಾಪದ ತೆಗೆದು ಆ ಜಾಗಕ್ಕೆ ‘ಇಟ್’ ಹಾಕಿ ನೋಡಿ. ‘ಲುಕಿಂಗ್ ಫಾರ್ವರ್ಡ್ ಟು ಇಟ್’ ಕೂರುತ್ತೆ, ಹಾಗಾದರೆ ಇಂಗ್ ಬೇಕು. ‘ಐ ವಾಂಟ್ ಟು ಇಟ್’ ಕೂರಲ್ಲ, ಬೇಡ. ‘ಆಬ್ಜೆಕ್ಟ್ ಟು’, ‘ಕಮಿಟೆಡ್ ಟು’ ಕೂಡ ಈ ಪರೀಕ್ಷೆಗೆ ಸಿಗುತ್ತವೆ. ‘ಯೂಸ್ಡ್ ಟು’ ಮಾತ್ರ ಕಿಲಾಡಿ. ‘ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್’ ಅಂದರೆ ರಾತ್ರಿ ಕೆಲಸ ರೂಢಿಯಾಗಿದೆ. ‘ಐ ಯೂಸ್ಡ್ ಟು ವರ್ಕ್ ಅಟ್ ನೈಟ್’ ಅಂದರೆ ಮೊದಲು ಮಾಡುತ್ತಿದ್ದೆ, ಈಗಿಲ್ಲ. ಒಂದು ‘ಆ್ಯಮ್’ ಬಿಟ್ಟರೆ ಕಥೆಯೇ ಬೇರೆ!

‘ಲುಕಿಂಗ್ ಫಾರ್ವರ್ಡ್ ಫಾರ್’ ಅಂತ ಬರೆಯುವವರೂ ಇದ್ದಾರೆ. ಅದು ‘ವೇಟಿಂಗ್ ಫಾರ್’ ಜೊತೆ ಕಲಸಿಹೋದದ್ದು. ಬೇಡ. ಕಚೇರಿ ಪತ್ರಕ್ಕೆ ‘ಐ ಲುಕ್ ಫಾರ್ವರ್ಡ್’ ಗಂಭೀರವಾಗಿ ಕೇಳುತ್ತೆ, ಸ್ನೇಹಿತರಿಗೆ ‘ಐ ಆ್ಯಮ್ ಲುಕಿಂಗ್’ ಚೆನ್ನ. ಇನ್ನೊಂದು: ಖುಷಿಯಿಂದ ಕಾಯುವ ವಿಷಯಕ್ಕಷ್ಟೇ ಇದನ್ನು ಬಳಸಿ. ಒಮ್ಮೆ ಒಬ್ಬರು ಶ್ರದ್ಧಾಂಜಲಿ ಸಭೆಯ ಆಮಂತ್ರಣಕ್ಕೆ ಉತ್ತರಿಸುತ್ತಾ ಇದೇ ಸಾಲು ಬರೆದಿದ್ದರು. ಪಾಪ, ಸುಮ್ನೆ ಅಭ್ಯಾಸಬಲ.

ಇಷ್ಟೆಲ್ಲ ರಗಳೆಯೇ ಬೇಡ ಅನ್ನಿಸಿದ ದಿನ ನಾನು ‘ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಅಂತ ಬರೆದು ಕಳಿಸಿಬಿಡುತ್ತೇನೆ. ಅಲ್ಲಿ ಟು ಮುಂದೆ ಕ್ರಿಯಾಪದವೂ ಇಲ್ಲ, ಇಂಗ್ ಗೊಡವೆಯೂ ಇಲ್ಲ.