ಹಸಿದ ಮೀನಿನ ಓಟವೇ ಬೇರೆ

ನನ್ನ ಮೀನು ಸಾಕುವ ಪಂಜರಗಳು ಉಡುಪಿಯ ಕೋಡಿ ಬೆಂಗ್ರೆ ಹತ್ತಿರದ ಹಿನ್ನೀರಿನಲ್ಲಿ ಉಂಟು. ಅದರಲ್ಲಿ ಸಾಕುವ ಸೀಬಾಸ್ ಮೀನಿಗೆ ದಿನಕ್ಕೆ ಒಂದೇ ಹೊತ್ತು ಊಟ ಅಂದಾಗ ಯಾರೂ ನಂಬಲಿಲ್ಲ. "ಹಸಿದರೆ ಒಂದನ್ನೊಂದು ನುಂಗ್ತವೆ ಮಾರಾಯ" ಎಂದರು. ಈ ಸಲ ಎರಡು ಪಂಜರದಿಂದ ಏಳೂವರೆ ಕ್ವಿಂಟಲ್ ಎತ್ತಿದ್ದೇನೆ. ಈಗ ಅವರೇ ಬಂದು ಕೇಳುತ್ತಿದ್ದಾರೆ.

ಮೊದಲ ವರ್ಷದ ಪೆಟ್ಟು ಮರೆಯುವಂಥದ್ದಲ್ಲ. ಒಂದು ಬೆಳಿಗ್ಗೆ ಇಳಿತದ ಹೊತ್ತು, ನೀರು ಅಲ್ಲಾಡುತ್ತಿರಲಿಲ್ಲ. ಮೀನೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಹಸಿವು ಎಂದುಕೊಂಡು ಎರಡು ಬುಟ್ಟಿ ಬೂತಾಯಿ ಮೀನಿನ ತಲೆ ಸುರಿದೆ. ಆದರೆ ಅವು ಆಮ್ಲಜನಕ ಸಾಲದೆ ಒದ್ದಾಡುತ್ತಿದ್ದವು. ಮಧ್ಯಾಹ್ನದೊಳಗೆ 130ರಷ್ಟು ಸತ್ತು ತೇಲಿದವು, ಎಲ್ಲ ಅರ್ಧ ಕಿಲೋ ದಾಟಿದ್ದು. ಹತ್ತಿರ ಹತ್ತಿರ 30 ಸಾವಿರ ಹೋಯಿತು.

ಆಮೇಲೆ ಒಂದು ತರಬೇತಿಯಲ್ಲಿ ಗ್ರೆಲಿನ್ ಹೆಸರು ಕಿವಿಗೆ ಬಿತ್ತು. 1999ರಲ್ಲಿ ಜಪಾನಿನವರು ಇಲಿಯ ಹೊಟ್ಟೆಯಲ್ಲಿ ಕಂಡ ಹಾರ್ಮೋನ್. ಗೋಲ್ಡ್‌ಫಿಶ್‌ಗೆ ಅದನ್ನು ಕೊಟ್ಟರೆ ಹೆಚ್ಚು ತಿನ್ನುತ್ತದೆ, ಹೆಚ್ಚು ಓಡಾಡುತ್ತದೆ. ಮಿದುಳಿನಲ್ಲಿ ಹುಟ್ಟುವ ಒರೆಕ್ಸಿನ್ ಎಂಬುದೂ ಹಾಗೆಯೇ. ಹೊಟ್ಟೆ ತುಂಬಿದಾಗ ಕರುಳಿನಿಂದ ಬರುವ ಸಿಸಿಕೆ ಎಂಬ ಹಾರ್ಮೋನ್ ಊಟ ಸಾಕು ಅನ್ನಿಸುವಂತೆ ಮಾಡುತ್ತದೆ. ಟ್ರೌಟ್ ಎಂಬ ಮೀನಿಗೆ ಗ್ರೆಲಿನ್ ಕೊಟ್ಟಾಗ ಊಟ ಕಡಿಮೆಯಾದದ್ದೂ ಉಂಟು, ಹಾಗಾಗಿ ಒಂದು ಮೀನಿನ ಲೆಕ್ಕ ಇನ್ನೊಂದಕ್ಕೆ ಹಾಕಬೇಡಿ. ನನಗೆ ಬೇಕಾದದ್ದು ಇಷ್ಟೇ: ಹಸಿವು ಮೀನಿನ ಓಟದಲ್ಲಿ ಕಾಣುತ್ತದೆ.

ಮೊದಲು ಸಮುದ್ರದ ಭರತ ನೋಡಿ ಊಟ ಕೊಡುತ್ತಿದ್ದೆ. ಭರತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದಲ್ವಾ? ಮೀನಿಗೆ ಹೊತ್ತೇ ಕೂಡಿ ಬರಲಿಲ್ಲ, ಎರಡು ತಿಂಗಳು ಸುಮ್ನೆ ಹೋಯಿತು. ಆಮೇಲೆ ಗಡಿಯಾರ ಹಿಡಿದೆ, ಸಂಜೆ 6:15. ಎರಡು ವಾರ ಕಳೆಯುವಾಗ, ಆರಕ್ಕೇ ಮೀನು ಊಟದ ಮೂಲೆಗೆ ಬಂದು ನೀರಿನ ಕೆಳಗೆ ಸುತ್ತು ಹೊಡೆಯತೊಡಗಿದವು. ನೆರಳು ಬಿದ್ದರೆ ಚದುರಿ ಮತ್ತೆ ಕೂಡುತ್ತವೆ. ಉಸಿರಿಗೆ ಪರದಾಡುವ ಮೀನು ಹಾಗಲ್ಲ, ಎಲ್ಲೆಂದರಲ್ಲಿ ಮೇಲೆ ತೇಲುತ್ತದೆ, ನೆರಳಿಗೂ ಹೆದರುವುದಿಲ್ಲ. ಸುತ್ತು ಜೋರಿದ್ದರೆ ಪೂರ್ತಿ ಊಟ, ಮಂಕಾಗಿದ್ದರೆ ಅರ್ಧ. ಮೂಲೆಗೆ ಬಾರದಿದ್ದರೆ ಆ ದಿನ ಒಂದು ತಲೆಯನ್ನೂ ಹಾಕುವುದಿಲ್ಲ.

ಒಂದನ್ನೊಂದು ನುಂಗುವ ಭಯ ಸುಳ್ಳಲ್ಲ. 100 ಗ್ರಾಂ ದಾಟುವವರೆಗೆ ನಾನೂ ದಿನಕ್ಕೆ ಮೂರು ಸಲ ಕೊಡುತ್ತೇನೆ, 15 ದಿನಕ್ಕೊಮ್ಮೆ ದೊಡ್ಡದು ಸಣ್ಣದು ಬೇರೆ ಮಾಡುತ್ತೇನೆ. ಈ ಕೆಲಸಕ್ಕೆ ಸೋಮಾರಿತನ ಮಾಡಿದರೆ ನನ್ನ ಲೆಕ್ಕ ನಿಮಗೆ ಆಗುವುದಿಲ್ಲ.

ಮನೆಯ ಗಾಜಿನ ತೊಟ್ಟಿಯಲ್ಲಿ ಆರು ತಿಲಾಪಿಯಾ ಇಟ್ಟು ಇದನ್ನೇ ಮಾಡಿದೆ. ಹತ್ತು ದಿನದಲ್ಲಿ ಹೊತ್ತು ಕಲಿತವು! ಒಂದು ದಿನ ಬೇಕೆಂದೇ ಊಟ ತಪ್ಪಿಸಿದೆ, ಆ ಹೊತ್ತಿನ ಓಟ ಮಾತ್ರ ತಪ್ಪಲಿಲ್ಲ. ಊಟಕ್ಕೆ ಬೆಳ್ಳುಳ್ಳಿ ರಸ ಹಚ್ಚಿಯೂ ನೋಡಿದೆ, ಏನೂ ವ್ಯತ್ಯಾಸ ಕಾಣಲಿಲ್ಲ.

ಮೊದಲು ಒಂದು ಕಿಲೋ ಸೀಬಾಸ್‌ಗೆ ಏಳು ಕಿಲೋ ಕಚಡಾ ಮೀನು, ಅಂದರೆ ಮಾರಾಟಕ್ಕೆ ಬಾರದ ಅಗ್ಗದ ಮೀನು, ಊಟಕ್ಕೆ ಹೋಗುತ್ತಿತ್ತು. ಈಗ ಐದರ ಆಸುಪಾಸು. ಅದಕ್ಕೆ ಕಿಲೋಗೆ 30 ರೂಪಾಯಿ ಹಿಡಿದರೂ ಈ ಸಲದ ಏಳೂವರೆ ಕ್ವಿಂಟಲ್‌ಗೆ 45 ಸಾವಿರ ಉಳಿಯಿತು. ವಾರದಲ್ಲಿ ಯಾವ ದಿನ ಉಪವಾಸ, ಮರುದಿನ ಎಷ್ಟು ಕೊಡುವುದು ಎನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ, ಅದಕ್ಕೆ ಮೂರು ವರ್ಷ ತೆತ್ತಿದ್ದೇನೆ. ಬರುವ ಮಳೆಗಾಲದಲ್ಲಿ ನೀರಿನ ಉಪ್ಪು ಇಳಿದಾಗ ಸಂಜೆಯ ಆ ಸುತ್ತು ಎಷ್ಟು ದಿನ ನಿಲ್ಲುತ್ತದೆ ಎಂದು ಬರೆದಿಡಲು ಒಂದು ಪುಸ್ತಕ ತಂದಿಟ್ಟಿದ್ದೇನೆ.