ಚಿಟ್ಟೆಗಾಗಿ ಈಶ್ವರಿ ಬಳ್ಳಿ

ಚಿಟ್ಟೆ ಬರಲಿ ಅಂತ ಬರೀ ಹೂಗಿಡ ನೆಟ್ಟರೆ ಅವು ಮಕರಂದ ಹೀರಿ ಹೋಗ್ತವೆ, ಅಷ್ಟೇ. ಮೊಟ್ಟೆ ಇಡೋಕೆ ಅವಕ್ಕೆ ಬೇರೆ ಗಿಡ ಬೇಕು. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳಿಗೆ ನಮ್ಮ ಕಾಡಿನ ಈಶ್ವರಿ ಬಳ್ಳಿ ಅಂಥದ್ದು.

ಇದರ ಕಾಯಿ ಒಣಗಿದಾಗ ತೊಟ್ಟಿನ ಕಡೆಯಿಂದ ಸೀಳಿ, ತೂಗುಬುಟ್ಟಿಯ ಹಾಗೆ ಬಾಯಿ ಬಿಡುತ್ತೆ. ಒಳಗೆ ಕಾಗದದಂಥ ರೆಕ್ಕೆಯ ಚಪ್ಪಟೆ ಬೀಜ. ತಾಜಾ ಇದ್ದಾಗಲೇ ಬಿತ್ತಿ. ನೀರು ನಿಲ್ಲದ ಮಣ್ಣು, ಅರೆನೆರಳು, ಹಬ್ಬೋಕೆ ಒಂದು ತಂತಿಬಲೆ ಸಾಕು.

ಮೊದಲ ವರ್ಷ ಅವಸರ ಬೇಡ, ಬೇರು ಇಳಿಯೋಕೆ ಬಿಡಿ. ಆಮೇಲೆ ಎಳೆ ಚಿಗುರಿನ ಮೇಲೆ ಕೇಸರಿ-ಕೆಂಪು ಮೊಟ್ಟೆ ಹುಡುಕಿ. ಕಾಮನ್ ರೋಸ್ ಹುಳು ಕಡುಗೆಂಪು, ಮೈತುಂಬ ಮೆದು ಮುಳ್ಳು, ನಡುವೆ ಬಿಳಿ ಪಟ್ಟಿ. ನಾಲ್ಕಾರು ಹುಳು ಸೇರಿದರೆ ಬಳ್ಳಿ ಬೋಳಾಗುತ್ತೆ, ಕಾಂಡವನ್ನೂ ಕಡಿದುಹಾಕ್ತವೆ. ಗಾಬರಿಯಾಗಿ ಬೇವಿನೆಣ್ಣೆ ಹೊಡೆಯಬೇಡಿ ಮಾರಾಯ್ರೇ, ಬಳ್ಳಿ ನೆಟ್ಟಿದ್ದೇ ಅವಕ್ಕಾಗಿ! ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತೆ. ಒಂದರ ಬದಲು ಎರಡು ಮೂರು ಬಳ್ಳಿ ಇದ್ದರೆ ಹುಳುಗಳಿಗೆ ಉಪವಾಸ ಬೀಳಲ್ಲ.

ಎಲೆಯಲ್ಲಿರೋ ಅರಿಸ್ಟೊಲೋಕಿಕ್ ಆಮ್ಲ ಹುಳುವಿನ ಮೈ ಸೇರಿ, ಹಕ್ಕಿಗಳು ಮುಟ್ಟದ ಹಾಗೆ ಕಾಪಾಡುತ್ತೆ. ಮನುಷ್ಯರ ಕಿಡ್ನಿಗೆ ಮಾತ್ರ ಅದು ವಿಷ. ಯಾರಾದರೂ ಔಷಧಿ ಅಂತ ಹೇಳಿದರೂ ಕಷಾಯ ಮಾಡಿ ಕುಡಿಯಬೇಡಿ, ಮಕ್ಕಳ, ದನಗಳ ಬಾಯಿಗೆ ಸಿಗದ ಕಡೆ ನೆಡಿ.

ನರ್ಸರಿಯಲ್ಲಿ ಇದೇ ಜಾತಿಯ ದೊಡ್ಡ ಹೂವಿನ ವಿದೇಶಿ ಬಳ್ಳಿ ಕೊಟ್ಟರೆ ಬೇಡ ಅನ್ನಿ. ಮೊಟ್ಟೆ ಇಟ್ಟರೂ ಹುಳು ಬದುಕೋದು ಅನುಮಾನ. ಪಕ್ಕದಲ್ಲಿ ಒಂದು ಕೇಪಳ ಗಿಡ ಇರಲಿ, ದೊಡ್ಡ ಚಿಟ್ಟೆಗಳಿಗೆ ಮಕರಂದಕ್ಕಾಯ್ತು.