ದಾರ ಕಟ್ಟಿ ಅಲೈನ್‌ಮೆಂಟ್: ಕಾರು ತಗ್ಗಿಸಿದ ನನ್ನ ಅನುಭವ

ಕಾರಿನ ಎರಡೂ ಬದಿ ದಾರ ಕಟ್ಟಿ, ಅದರಿಂದ ಅಳೆದು ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸೋದು) ಮಾಡ್ತೀನಿ ಅಂದಾಗ ಗೆಳೆಯ ನಕ್ಕಿದ್ದ. "ಏನ್ ಗುರು, ಕಾರಿಗೆ ಗೋಡೆ ಕಟ್ತೀಯಾ?" ಹೋದ ತಿಂಗಳು ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ ಅದೇ ಕಾರನ್ನು ಲೇಸರ್ ಮಷೀನ್ ಮೇಲೆ ಹತ್ತಿಸಿದೆ. ಒಟ್ಟು ಟೋದಲ್ಲಿ (ಎಡ-ಬಲ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ನನ್ನ ಲೆಕ್ಕಕ್ಕೂ ಮಷೀನ್ ಲೆಕ್ಕಕ್ಕೂ ಮೂರೋ ನಾಲ್ಕೋ ಮಿನಿಟ್ (ಒಂದು ಡಿಗ್ರಿಗೆ ಅರವತ್ತು ಮಿನಿಟ್) ವ್ಯತ್ಯಾಸ, ಅಷ್ಟೇ. ಅವನು ಆಮೇಲೆ ಮನೆ ಮುಟ್ಟುವ ತನಕ ದಾರದ ವಿಷಯ ಎತ್ತಲಿಲ್ಲ.

ಆದರೆ ಇಲ್ಲಿಗೆ ಬರೋಕೆ ವರ್ಷದ ಮೇಲಾಯಿತು. ದುಡ್ಡೂ ಹೋಯಿತು.

ಕಾರಿನ ಸಸ್ಪೆನ್ಷನ್ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಜೋಡಿಸುವ ಒಂದೇ ತೊಲೆ). ಮೊದಲ ಸಲ ಬರೀ ಲೋವರಿಂಗ್ ಸ್ಪ್ರಿಂಗ್ ತಂದೆ, 35 ಮಿಮೀ ತಗ್ಗುವಂಥದ್ದು. ಹಳೇ ಶಾಕ್ ಅಬ್ಸಾರ್ಬರ್‌ಗಳೇ ಸಾಕು ಅಂದುಕೊಂಡೆ. ಜಿಪುಣತನ. ಶಾಕ್‌ನ ರಾಡ್ ಮುಕ್ಕಾಲು ಒಳಗೇ ಇರುತ್ತಿತ್ತು, ಸಣ್ಣ ಗುಂಡಿಗೂ ಬಂಪ್ ಸ್ಟಾಪ್‌ಗೆ (ಕೊನೆಯಲ್ಲಿ ತಡೆಯುವ ರಬ್ಬರ್) ಬಡಿತ. ಐದಾರು ತಿಂಗಳಲ್ಲಿ ಮುಂದಿನ ಎರಡೂ ಎಣ್ಣೆ ಕಾರಿಕೊಂಡವು. ಕಡೆಗೆ ಶಾರ್ಟ್ ಶಾಕ್ ಸೆಟ್ ತೆಗೆದುಕೊಂಡೆ. ಮೊದಲೇ ಕಿಟ್ ಆಗಿ ಕೊಂಡಿದ್ದರೆ ಮೂರನೇ ಒಂದು ಭಾಗ ಹಣ ಉಳಿಯುತ್ತಿತ್ತು. ಸ್ಪ್ರಿಂಗ್ ಕತ್ತರಿಸೋಣ ಅಂದವರೂ ಇದ್ದರು. ಅವರ ಜೊತೆ ವಾದ ಮಾಡಲಿಲ್ಲ.

ಬಿಚ್ಚಿ ಹಾಕುವ ಕೆಲಸ ನಿಮಗೆ ಗೊತ್ತಿದ್ದದ್ದೇ. ಒಂದೇ ಮಾತು ಹೇಳ್ತೀನಿ. ನಾನು ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಬೋಲ್ಟ್‌ಗಳನ್ನು ಕಾರು ಸ್ಟ್ಯಾಂಡ್ ಮೇಲಿದ್ದಾಗಲೇ, ಚಕ್ರ ಜೋತುಬಿದ್ದಾಗಲೇ ಪೂರ್ತಿ ಬಿಗಿ ಮಾಡಿದ್ದೆ. ಕೆಳಗಿಳಿಸಿದಾಗ ಆ ತೋಳಿನ ಕೀಲಿನಲ್ಲಿರುವ ಬುಷ್‌ನ ರಬ್ಬರ್ ತಿರುಚಿಕೊಂಡೇ ಕೂತಿತು. ಮುಂಭಾಗ ಹೇಳಿದಷ್ಟು ತಗ್ಗಲೇ ಇಲ್ಲ. ಸ್ಪ್ರಿಂಗ್ ಸರಿ ಇಲ್ಲ ಅಂತ ಬೈದುಕೊಂಡು ಓಡಾಡಿದೆ. ನಾಲ್ಕು ತಿಂಗಳಿಗೆ ಎಡಗಡೆ ಬುಷ್ ಹರಿಯಿತು, ಆಗ ಬುದ್ಧಿ ಬಂತು. ಈಗ ಜಾಕನ್ನು ಹಬ್ (ಚಕ್ರದ ನಡುಭಾಗ) ಕೆಳಗೆ ಕೊಟ್ಟು, ಕಾರು ನೆಲದ ಮೇಲಿದ್ದಾಗಿನ ಎತ್ತರಕ್ಕೆ ಎತ್ತಿ, ಆಮೇಲೇ ಬಿಗಿ ಮಾಡೋದು.

ಇನ್ನು ಅಲೈನ್‌ಮೆಂಟ್. ಮೊದಲು ಅಂಗಡಿಗೇ ಹೋಗಿದ್ದೆ, ಒಟ್ಟು ಮೂರು ಸಲ. ಪ್ರತಿ ಸಲವೂ ಮಷೀನ್ ಪರದೆಯಲ್ಲಿ ಟೋ ಮಾತ್ರ ಹಸಿರಾಗುವಂತೆ ತಿರುಗಿಸಿ "ಆಯ್ತು ಸಾರ್" ಅನ್ನೋರು. ಕ್ಯಾಂಬರ್ (ಮುಂದಿನಿಂದ ನೋಡಿದರೆ ಚಕ್ರ ವಾಲಿರುವ ಕೋನ; ಮೈನಸ್ ಅಂದರೆ ಮೇಲ್ತುದಿ ಒಳಕ್ಕೆ) ಎಡಕ್ಕೆ ಮೈನಸ್ 1 ಡಿಗ್ರಿ, ಬಲಕ್ಕೆ ಮೈನಸ್ 1.7 ಹತ್ತಿರ. ಅದು ಕೆಂಪಾಗಿಯೇ ಉಳಿಯೋದು. "ತಗ್ಗಿಸಿದ ಗಾಡಿ ಅಂದ್ರೆ ಹಂಗೇ ಸಾರ್." ಕಾರು ಯಾವ ಬದಿಗೂ ಎಳೆಯದಿದ್ದರೂ ಸ್ಟೇರಿಂಗ್ ಸ್ವಲ್ಪ ಸೊಟ್ಟ. ಮೂರು ಸಲದ ಕೂಲಿಗೆ ನಾನು ಬೇಕಾದ ಸಾಮಾನೆಲ್ಲ ತರಬಹುದಿತ್ತು. ತಂದೂ ಬಿಟ್ಟೆ: ನೈಲಾನ್ ದಾರ, ಎರಡು ಅಲ್ಯೂಮಿನಿಯಂ ಪಟ್ಟಿ, ಒಂದು ಡಿಜಿಟಲ್ ಆಂಗಲ್ ಗೇಜ್, ಒಂದು ಜೋಡಿ ಕ್ಯಾಂಬರ್ ಬೋಲ್ಟ್.

ನನ್ನ ಮೊದಲ ದಾರದ ಅಲೈನ್‌ಮೆಂಟ್ ಇನ್ನೂ ದೊಡ್ಡ ಎಡವಟ್ಟು. ಎರಡೂ ಬದಿ ದಾರ ಎಳೆದು, ಮುಂದಿನ ಹಬ್‌ಗೂ ಹಿಂದಿನ ಹಬ್‌ಗೂ ಒಂದೇ ಅಂತರ ಇಟ್ಟೆ. ಪ್ಯಾರಲಲ್ ಆಯ್ತು ಅಂದುಕೊಂಡೆ. ಆಗಿರಲಿಲ್ಲ. ಈ ಕಾರಿನ ಮುಂದಿನ ಟ್ರ್ಯಾಕ್ (ಎಡ-ಬಲ ಚಕ್ರಗಳ ನಡುವಿನ ಅಗಲ) ಹಿಂದಿನದಕ್ಕಿಂತ ಸುಮಾರು 22 ಮಿಮೀ ಅಗಲ. ಅಂದರೆ ಒಂದೊಂದು ಬದಿಯಲ್ಲೂ ದಾರ ಮುಂದಕ್ಕೆ 11 ಮಿಮೀ ಹೊರಗೆ ಬಾಗಿ ನಿಂತಿತ್ತು. ಅದಕ್ಕೆ ಚಕ್ರ ಹೊಂದಿಸಿದರೆ ಏನಾಗುತ್ತೆ? ಎರಡೂವರೆ ಮೀಟರ್ ವೀಲ್‌ಬೇಸ್‌ಗೆ (ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ) 11 ಮಿಮೀ, 15 ಇಂಚಿನ ರಿಮ್‌ಗೆ ಚಕ್ರಕ್ಕೆ ಒಂದೂವರೆ ಮಿಮೀಗಿಂತ ಜಾಸ್ತಿ. ಎರಡೂ ಸೇರಿ ಮೂರು ಮಿಮೀ ದಾಟಿದ ಟೋ ಔಟ್. ಅದರ ಮೇಲೆ ನೆಗೆಟಿವ್ ಕ್ಯಾಂಬರ್ ಬೇರೆ.

ಮೂರು ಸಾವಿರ ಕಿಮೀ ಆದಮೇಲೆ ಟೈರ್ ಮೇಲೆ ಅಂಗೈ ಆಡಿಸಿದೆ. ಒಂದು ದಿಕ್ಕಿಗೆ ನುಣ್ಣಗೆ, ವಾಪಸ್ ಎಳೆದರೆ ಗರಗಸದ ಹಲ್ಲು. ಒಳಗಿನ ಅಂಚು ಬೋಳು. ಹೊರಗಿನಿಂದ ನೋಡಿದರೆ ಹೊಸ ಟೈರೇ! ಎರಡು ಟೈರ್ ದುಡ್ಡು ಅಂದರೆ ನನ್ನ ಕಿಟ್‌ನ ಅರ್ಧ. ಮನೆಯಲ್ಲಿ ಈ ಲೆಕ್ಕ ಇವತ್ತಿಗೂ ಪೂರ್ತಿ ಹೇಳಿಲ್ಲ.

ಈಗ ದಾರ ಮುಂದಿನ ಹಬ್‌ಗೆ ಹಿಂದಿನದಕ್ಕಿಂತ 11 ಮಿಮೀ ಹತ್ತಿರ ಇರುವಂತೆ ಇಡ್ತೀನಿ, ಎರಡೂ ಬದಿ ಸಮ. ಇಷ್ಟೇ ಗುಟ್ಟು. ಟ್ರ್ಯಾಕ್ ಅಳತೆ ಪುಸ್ತಕದಿಂದ ತೆಗೆದುಕೊಂಡರೂ ನಿಮ್ಮ ಚಕ್ರದ ಆಫ್‌ಸೆಟ್ (ರಿಮ್ ಎಷ್ಟು ಒಳಗೋ ಹೊರಗೋ ಕೂರುತ್ತದೆ ಅನ್ನೋ ಅಳತೆ) ಬೇರೆ ಇರಬಹುದು, ಅದಕ್ಕೇ ನಾನು ಹಬ್‌ನಿಂದಲೇ ಅಳೆಯೋದು.

ಕೆಲಸ ಶುರು ಮಾಡುವ ಮುಂಚೆ ನೆಲದ ಮಟ್ಟ ನೋಡಿದೆ, ಗಾರೆಯವರ ಥರ ನೀರು ತುಂಬಿದ ಪಾರದರ್ಶಕ ಟ್ಯೂಬಿನಲ್ಲಿ. ಬಲಗಡೆ ಮುಂದಿನ ಚಕ್ರದ ಜಾಗ 9 ಮಿಮೀ ಇಳಿಜಾರು. ಅಡಿಗೆ ಹಳೇ ಟೈಲ್ಸ್ ತುಂಡು ಕೊಟ್ಟೆ. ಆ ಟೈಲ್ಸ್ ಎರಡರ ನಡುವೆ ಗ್ರೀಸ್ ಬಳಿದು ಚಕ್ರದ ಕೆಳಗಿಟ್ಟರೆ ಅದು ಸಲೀಸಾಗಿ ತಿರುಗೋಕೆ ಟರ್ನ್‌ಟೇಬಲ್ ಸಿದ್ಧ. ಕಸದ ಪ್ಲಾಸ್ಟಿಕ್ ಚೀಲ ಮಡಚಿಟ್ಟೂ ನೋಡಿದೆ. ಅದೂ ಜಾರುತ್ತದೆ, ಆದರೆ ಬೇಗ ಹರಿಯುತ್ತದೆ. ಗ್ರೀಸ್ ಟೈಲ್ಸೇ ವಾಸಿ, ಕೈ ಕೊಳೆಯಾದರೂ.

ಸುಮ್ನೆ ಕುತೂಹಲಕ್ಕೆ ಡ್ರೈವರ್ ಸೀಟಿನಲ್ಲಿ 70 ಕೆಜಿ ಮರಳಿನ ಮೂಟೆ ಕೂರಿಸಿದೆ. ಆ ಬದಿ ಎತ್ತರ ನಾಲ್ಕೈದು ಮಿಮೀ ಕುಸಿಯಿತು, ಟೋ ಅರ್ಧ ಮಿಮೀ ಕದಲಿತು. ನಾನು ಒಬ್ಬನೇ ಓಡಿಸೋದು ಜಾಸ್ತಿ ಅಲ್ವಾ, ಹಾಗಾಗಿ ಮೂಟೆ ಅಲ್ಲೇ ಇರಲಿ ಅಂದೆ.

ಮೊದಲು ಕ್ಯಾಂಬರ್, ಆಮೇಲೆ ಟೋ. ಸ್ಟ್ರಟ್‌ನ ಕ್ಯಾಂಬರ್ ಬೋಲ್ಟ್ ತಿರುಗಿಸಿದರೆ ನಕಲ್ (ಹಬ್ ಕೂತಿರುವ ಭಾಗ) ವಾಲುತ್ತದೆ, ಟೈ ರಾಡ್ (ಸ್ಟೇರಿಂಗ್ ಕಡೆಯಿಂದ ಚಕ್ರ ತಿರುಗಿಸುವ ಸರಳು) ಮಾತ್ರ ಇದ್ದಲ್ಲೇ, ಟೋ ತಾನಾಗಿ ಕೆಡುತ್ತದೆ. ಮೊದಲ ಸಲ ಇದನ್ನು ಉಲ್ಟಾ ಮಾಡಿ ಒಂದು ಭಾನುವಾರ ಪೂರ್ತಿ ಕಳೆದೆ. ಎರಡೂ ಬದಿ ಮೈನಸ್ 1.1ಕ್ಕೆ ನಿಲ್ಲಿಸಿದೆ. ಟೈ ರಾಡ್ ಕಾಲು ಸುತ್ತಿಗೆ ರಿಮ್‌ನಲ್ಲಿ ಹೆಚ್ಚುಕಮ್ಮಿ 1 ಮಿಮೀ. ಒಟ್ಟು 1 ಮಿಮೀ ಟೋ ಇನ್ ಇಟ್ಟೆ. ಪ್ರತಿ ಸಲ ತಿರುಗಿಸಿದ ಮೇಲೆ ಕಾರನ್ನು ಕುಲುಕಿ, ಒಂದು ಸುತ್ತು ಹಿಂದೆ ಮುಂದೆ ಉರುಳಿಸಿ ಮತ್ತೆ ಅಳೆಯಬೇಕು. ಬೇಜಾರು ಬರುತ್ತೆ. ಬರಲಿ. ಸ್ಟೇರಿಂಗನ್ನು ಕೂದಲೆಳೆ ಅಲುಗದಂತೆ ನೇರ ಹಿಡಿಯೋಕೆ ನಾನೊಂದು ಉಪಾಯ ಮಾಡಿದ್ದೀನಿ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬಂಪ್ ಸ್ಟಾಪ್ ಎಷ್ಟು ಕತ್ತರಿಸಿದೆ ಅನ್ನೋದೂ ಅಷ್ಟೇ.

500 ಕಿಮೀ ಆದಮೇಲೆ ಮತ್ತೆ ದಾರ ಕಟ್ಟಿದೆ. ಸ್ಪ್ರಿಂಗ್ ಇನ್ನೂ 3 ಮಿಮೀ ಕೂತಿತ್ತು, ಟೋ ಸ್ವಲ್ಪ ಸರಿ ಮಾಡಿದೆ. ಹೆಡ್‌ಲೈಟ್‌ನ ಎತ್ತರವನ್ನೂ ಅವತ್ತೇ ತಿದ್ದಿದೆ. ಈಗ ಆರು ಸಾವಿರ ಕಿಮೀ ಆಗಿದೆ. ಟೈರ್ ಪಟ್ಟೆಯ ಆಳ ಒಳಗಿನ ಅಂಚಿನಲ್ಲಿ 6.6, ಹೊರಗಿನದರಲ್ಲಿ 6.8 ಮಿಮೀ ಇದೆ. ಅಂಗೈ ಎರಡೂ ದಿಕ್ಕಿಗೆ ನುಣ್ಣಗೆ ಹೋಗುತ್ತದೆ.

ನಕ್ಕಿದ್ದ ಗೆಳೆಯ ಮೊನ್ನೆ ತನ್ನ ಕಾರಿನ ಕೀ ಕೊಟ್ಟು ಹೋಗಿದ್ದಾನೆ. ಅದರ ಹಿಂದೆ ಮಲ್ಟಿಲಿಂಕ್ (ಹಲವು ತೋಳುಗಳ ಸಸ್ಪೆನ್ಷನ್), ಹಿಂದಿನ ಟೋನೂ ತಿದ್ದಬಹುದು. ಶನಿವಾರ ಹಿಂದಿನಿಂದಲೇ ಶುರು ಮಾಡ್ತೀನಿ.